ನಮ್ಮೋರ ಲಾಂಗ್ ಬೆಲ್

ನಮ್ಮೋರು, ಅಂದರೆ ನನ್ನ ಗಂಡ, ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಅಟೆಂಡರ್ ಆಗಿದ್ದವರು. ಬೀಗ ತೆಗೆಯೋದು, ಚಾಕ್‌ಪೀಸ್ ಹಂಚೋದು, ಹೆಡ್‌ಮಾಸ್ಟರಿಗೆ ಟೀ ತರೋದು, ಎಲ್ಲ ಅವರದೇ. ಆದರೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ಹೇಳ್ತಿದ್ದದ್ದು ಒಂದೇ ಮಾತು, "ಬೆಲ್ ಹೊಡೀತೀನಿ." ಯಾರೇ ಮಾತಾಡ್ತಿರಲಿ, ಏನೇ ನಡೀತಿರಲಿ, ಟೈಮ್ ಆಯ್ತು ಅಂದ್ರೆ ಆಯ್ತು. ಒಂದು ಸಲ ಮೇಲಿನ ಕಚೇರಿಯಿಂದ ಬಂದ ಸಾಹೇಬರು ಸಮಯಪಾಲನೆ ಬಗ್ಗೆ ಭಾಷಣ ಮಾಡ್ತಿದ್ದರಂತೆ. ಅದರ ನಡುವೆಯೇ ಲಾಂಗ್ ಬೆಲ್ ಹೊಡೆದು ಮಕ್ಕಳನ್ನೆಲ್ಲ ಮನೆಗೆ ಕಳಿಸಿದ ಪುಣ್ಯಾತ್ಮ ಇವರು.

ಮನೆಯಲ್ಲೂ ಇದೇ ಗೋಳು. ಬೆಳಗ್ಗೆ ಸರಿಯಾಗಿ ಎಂಟಕ್ಕೆ ಸ್ಟೀಲ್ ಲೋಟಕ್ಕೆ ಚಮಚದಿಂದ ಎರಡೇಟು. ಅಂದರೆ ತಿಂಡಿ ಬರಲಿ ಅಂತ. "ನಾನೇನು ನಿಮ್ಮ ಏಳನೇ ಕ್ಲಾಸಾ?" ಅಂತ ಎಷ್ಟು ಸಲ ರೇಗಿದ್ದೀನೋ ಲೆಕ್ಕವಿಲ್ಲ. ಅವರು ಗಡಿಯಾರ ನೋಡ್ಕೊಂಡು ಕೂತಿರೋರು, ಅಷ್ಟೇ.

ರಿಟೈರ್ ಆದ ತಿಂಗಳೇ ಶಾಲೆಯವರು ಕರೆಂಟ್ ಬೆಲ್ ಹಾಕಿಸಿದರು. ಅವರ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬಂದಿದ್ದರೆ ತಡ್ಕೋತಿದ್ದರೇನೋ. ಬಂದದ್ದು ಗೋಡೆಗೆ ಅಂಟಿಸೋ ಒಂದು ಡಬ್ಬಿ. ಅವತ್ತಿನಿಂದ ನಮ್ಮನೆ ಲೋಟ ಸುಮ್ಮನಾಯ್ತು. ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಕೂತರು. ತಿಂಡಿ ಯಾವಾಗ ಕೊಡಲಿ ಅಂದರೆ "ಯಾವಾಗಾದರೂ ಕೊಡು" ಅನ್ನೋರು. ಯಾವಾಗಾದರೂ ಅನ್ನೋ ಮಾತು ಆ ಬಾಯಲ್ಲಿ ಬಂದದ್ದು ಕೇಳಿ ನನಗೆ ನಿಜವಾಗ್ಲೂ ಭಯ ಆಯ್ತು. ಬೈಯೋಕೆ ಏನೂ ಸಿಗದ ಗಂಡನ್ನ ಇಟ್ಕೊಂಡು ನಾನೇನು ಮಾಡಲಿ?

ಹೀಗೆ ಏಳು ತಿಂಗಳು ಕಳೆದ ಮೇಲೆ ನಮ್ಮ ಚರ್ಚಿನ ಸಭೆಯಿಂದ ಹೊರದೇಶದ ಒಂದು ಯುವಜನ ಶಿಬಿರಕ್ಕೆ ಸೇವೆಗೆ ಹೋಗೋದು ಅಂತಾಯ್ತು. ಸಭೆಯಲ್ಲಿ ನೂರು ಜನಕ್ಕೆ ಬೇಯಿಸೋಳು ನಾನೇ ಆದ್ದರಿಂದ ನನ್ನನ್ನ ಅಡುಗೆಗೆ ಕರೆದರು. ನಾನು ಪಾಸ್ಟರಿಗೆ ಕಡ್ಡಿ ಮುರಿದಂಗೆ ಹೇಳಿದೆ, "ಇವರನ್ನೂ ಕರ್ಕೊಂಡು ಹೋಗೋದಾದರೆ ಬರ್ತೀನಿ. ಈ ಮನುಷ್ಯನ್ನ ಆ ಕುರ್ಚಿಯಿಂದ ಏಳಿಸಬೇಕು. ಅಷ್ಟೇ ನನ್ನ ಪ್ರಾರ್ಥನೆ."

ಪಾಸ್ಟರು ಒಪ್ಪಿದರು. ಒಳ್ಳೆಯವರು, ಯಾರ ಮನೇಲಿ ಕಷ್ಟ ಅಂದರೂ ಚಪ್ಪಲಿ ಹಾಕ್ಕೊಳ್ಳೋದೂ ಮರೆತು ಓಡಿ ಬರೋರು. ಒಂದೇ ಒಂದು ತೊಂದರೆ. ಪ್ರಸಂಗಕ್ಕೆ, ದೇವರ ವಾಕ್ಯ ಹೇಳೋಕೆ ಅಂತ ಎದ್ದು ನಿಂತರೆ ಮತ್ತೆ ಕೂರೋ ಮಾತೇ ಇಲ್ಲ.

ಶಿಬಿರದಲ್ಲಿ ಐದು ದಿನ, ನೂರಿಪ್ಪತ್ತು ಮಕ್ಕಳು, ಎಲ್ಲ ಹದಿಮೂರರಿಂದ ಹದಿನೆಂಟರವರು. ಸಾಲು ಸಾಲು ಎರಡಂತಸ್ತಿನ ಮಂಚಗಳು, ಉದ್ದನೆಯ ಸಭಾಂಗಣ, ಅದರ ಪಕ್ಕಕ್ಕೇ ಅಡುಗೆಮನೆ. ಎರಡರ ನಡುವೆ ಅಂಗಳದಲ್ಲಿ ಒಂದು ಕಂಬ, ಕಂಬದ ತುದಿಗೆ ಒಂದು ಕಂಚಿನ ಗಂಟೆ. ಅಲ್ಲಿಯ ಮೇಲ್ವಿಚಾರಕಿ ಕೊರಳಲ್ಲಿ ಪೀಪಿ ನೇತು ಹಾಕ್ಕೊಂಡಿದ್ದಳು. ಊದಿ ಊದಿ ಸುಸ್ತಾಗಿತ್ತು ಪಾಪ. ಗಂಟೆ ಹೊಡೆಯೋಕೆ ಯಾರಾದರೂ ಇದ್ದಾರಾ ಅಂತ ದುಭಾಷಿ ಹುಡುಗಿಯ ಮೂಲಕ ಕೇಳಿದಳು.

ನಾನು ಬಾಯಿ ತೆಗೆಯೋ ಮೊದಲೇ ನಮ್ಮೋರು ಕಂಬದ ಕೆಳಗೆ ನಿಂತಿದ್ದರು. ಮೇಲೆ ನೋಡಿದರು, ಹಗ್ಗ ಹಿಡಿದು ಎರಡು ಸಲ ಜಗ್ಗಿದರು. ಆಮೇಲೆ ನನ್ನ ಕಡೆ ತಿರುಗಿ, "ಹಗ್ಗ ಲಡ್ಡಾಗಿದೆ, ಬದಲಾಯಿಸಬೇಕು" ಅಂದರು. ಏಳು ತಿಂಗಳಲ್ಲಿ ಅವರಾಗಿ ಅವರೇ ಆಡಿದ ಮೊದಲ ಮಾತು ಅದು.

ಅವತ್ತು ಸಂಜೆಯೊಳಗೆ ಶಿಬಿರದ ಅಷ್ಟೂ ಗಡಿಯಾರ ನೋಡಿ ಬಂದರು. "ನಿನ್ನ ಅಡುಗೆಮನೇದು ಒಂದು ನಿಮಿಷ ಮುಂದಿದೆ ಕಣೇ" ಅಂದರು. "ಒಂದು ನಿಮಿಷಕ್ಕೆ ಇಲ್ಲಿ ಯಾವುದೂ ಸೀದು ಹೋಗಲ್ಲ, ಆ ಕಡೆ ನಡೀರಿ" ಅಂದೆ. ಬೈದು ಎಷ್ಟು ದಿನ ಆಗಿತ್ತು. ಬಾಯಿಗೆ ರುಚಿ ಬಂದ ಹಾಗಾಯ್ತು.

ಎರಡೇ ದಿನದಲ್ಲಿ ಮಕ್ಕಳು ಪಳಗಿದರು. ಎರಡೇಟು ಬಿದ್ದರೆ ಈ ಕಾರ್ಯಕ್ರಮ ಮುಗೀತು, ಮುಂದಿನದಕ್ಕೆ ಹೊರಡಿ. ಲಾಂಗ್ ಬೆಲ್ ಬಿದ್ದರೆ ದಿನ ಮುಗೀತು. ಉಪ್ಪು ಎಲ್ಲಿದೆ ಅಂತ ಕೇಳೋಕೂ ನನಗೆ ದುಭಾಷಿ ಬೇಕಿತ್ತು. ನಮ್ಮೋರಿಗೆ ಯಾರೂ ಬೇಕಾಗಲಿಲ್ಲ. ಎದುರು ಸಿಕ್ಕ ಮಕ್ಕಳು ತಮ್ಮ ಮಣಿಕಟ್ಟು ತಟ್ಟಿ ತೋರಿಸಿ ನಗೋರು, ಇವರು ತಮ್ಮ ಗಡಿಯಾರ ತಟ್ಟಿ ತೋರಿಸಿ ನಗೋರು.

ಎಡವಟ್ಟಾದದ್ದು ಮೂರನೇ ದಿನ. ವೇಳಾಪಟ್ಟಿ ಬೋರ್ಡಲ್ಲಿ ಹತ್ತರಿಂದ ಹತ್ತು ನಲವತ್ತರವರೆಗೆ ಪಾಸ್ಟರ ಪ್ರಸಂಗ, ಬೈಬಲಿನ ಯೋನನ ಕಥೆ. ಪಾಸ್ಟರು ಒಂದು ವಾಕ್ಯ ಹೇಳೋದು, ದುಭಾಷಿ ಅದನ್ನ ಅವರ ಭಾಷೆಯಲ್ಲಿ ಹೇಳೋದು. ಮೊದಲೇ ಉದ್ದ, ಈಗ ಅದರ ಎರಡರಷ್ಟು. ದೇವರು ಹೋಗು ಅಂದ ಊರಿಗೆ ಹೋಗದೆ ಯೋನ ಹಡಗು ಹತ್ತೋ ಹೊತ್ತಿಗೇ ಅರ್ಧ ಗಂಟೆ ಆಯ್ತು. ಬಿರುಗಾಳಿ ಎದ್ದಿತು, ಯೋನನನ್ನ ಎತ್ತಿ ಸಮುದ್ರಕ್ಕೆ ಹಾಕಿದರು, ದೊಡ್ಡ ಮೀನು ಬಂದು ನುಂಗಿತು. ಪಾಸ್ಟರು ದನಿ ಇಳಿಸಿ, "ಮೀನಿನ ಹೊಟ್ಟೆಯೊಳಗೆ ಗಾಢ ಕತ್ತಲೆ" ಅಂದರು.

ಟಣ್, ಟಣ್.

ನೂರಿಪ್ಪತ್ತು ಮಕ್ಕಳು ಎದ್ದರು, ಬೆಂಚು ಸರಿ ಮಾಡಿದರು, ಆಟದ ಮೈದಾನಕ್ಕೆ ಹೋದರು. ಅರ್ಧ ನಿಮಿಷದಲ್ಲಿ ಸಭಾಂಗಣ ಖಾಲಿ. ದುಭಾಷಿ ಬಾಯಿ ತೆರೆದುಕೊಂಡು ಅಲ್ಲೇ ನಿಂತಿದ್ದಳು. ಯೋನ ಹೊಟ್ಟೆಯೊಳಗೇ ಉಳಿದ. ನಾನು ಏಪ್ರನ್ ಬಾಯಿಗೆ ತುರುಕಿಕೊಂಡು ನಕ್ಕೆ, ದೇವರು ಕ್ಷಮಿಸಲಿ.

ಪಾಸ್ಟರು ನೇರ ಕಂಬದ ಹತ್ತಿರ ಬಂದರು. "ಅಣ್ಣ, ನನ್ನ ಮುಖ ಆದರೂ ನೋಡಬಾರದಿತ್ತಾ?"

"ಟೈಮ್ ಆಗಿತ್ತು ಪಾಸ್ಟರೇ."

"ದೇವರ ವಾಕ್ಯಕ್ಕೆ ಟೈಮ್ ಇಡೋಕಾಗುತ್ತಾ?"

"ಬೋರ್ಡಲ್ಲಿ ನೀವೇ ಇಟ್ಟಿದ್ದೀರಿ. ಹತ್ತು ನಲವತ್ತು."

ನಮ್ಮೋರು ಕೊಬ್ಬಿನಿಂದ ಹೇಳಿದ್ದಲ್ಲ. ಬೋರ್ಡಲ್ಲಿದ್ದದ್ದು ಹೇಳಿದರು. ಆದರೆ ಪಾಸ್ಟರಿಗೆ ಅದು ನಾಟಿತು. "ನಿಮಗೂ ವಯಸ್ಸಾಯ್ತು, ಬಿಸಿಲಲ್ಲಿ ನಿಲ್ಲೋದು ಬೇಡ. ನಾಳೆಯಿಂದ ಬೆಂಚು ಒರೆಸೋ ಕಡೆ ಇರಿ" ಅಂದರು. ಹಗ್ಗವನ್ನ ಸುತ್ತಿ ಕಂಬದ ಮೊಳೆಗೆ ಸಿಕ್ಕಿಸಿಬಿಟ್ಟರು.

"ಆಗಲಿ" ಅಂದರು ನಮ್ಮೋರು.

ಮಧ್ಯಾಹ್ನ ನೋಡ್ತೀನಿ, ಅಡುಗೆಮನೆ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಇವರು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕ್ಕೊಂಡಿದ್ದರು. ಸ್ನಾನಕ್ಕೂ ಬಿಚ್ಚದ ಗಡಿಯಾರ ಅದು. "ಊಟ ಹಾಕಲಾ?" ಅಂದೆ. "ಯಾವಾಗಾದರೂ ಹಾಕು" ಅಂದರು. ಇಷ್ಟು ದೂರ ಬಂದದ್ದು ಈ ಮಾತು ಕೇಳೋಕಾ?

ನಾಲ್ಕನೇ ದಿನ ಪಾಸ್ಟರು ಯೋನನನ್ನ ಕೊನೆಯ ದಿನಕ್ಕೆ ಅಂತ ಎತ್ತಿಟ್ಟು ತಾಳ್ಮೆಯ ಬಗ್ಗೆ ಮಾತಾಡಿದರು. ಎರಡು ಗಂಟೆ ಹತ್ತು ನಿಮಿಷ. ಆಟ ರದ್ದಾಯ್ತು, ನನ್ನ ಅಡುಗೆ ಆರಿ ತಣ್ಣಗಾಯ್ತು, ಹಿಂದಿನ ಬೆಂಚಲ್ಲಿ ಇಬ್ಬರು ಹುಡುಗಿಯರು ಒಬ್ಬರ ಮೇಲೊಬ್ಬರು ಒರಗಿ ಗೊರಕೆ ಹೊಡೀತಿದ್ದರು. ಪಾಸ್ಟರಿಗೆ ಹೇಳೋ ಧೈರ್ಯ ಯಾರಿಗೂ ಇಲ್ಲ. ನಮ್ಮೋರು ಬಟ್ಟೆ ಹಿಡ್ಕೊಂಡು ಖಾಲಿ ಬೆಂಚು ಒರೆಸ್ತಾ ಇದ್ದರು. ಒರೆಸಿದ್ದನ್ನೇ ಒರೆಸ್ತಿದ್ದರು.

ಕೊನೆಯ ದಿನ ಹನ್ನೆರಡೂವರೆಗೆ ಮಕ್ಕಳ ಬಸ್ಸು. ಅದಕ್ಕೆ ಹನ್ನೊಂದು ನಲವತ್ತಕ್ಕೆ ಎಲ್ಲ ಮುಗಿಸಿ ಊಟ ಅಂತ ಬೋರ್ಡಲ್ಲಿ ಬರೆದಿತ್ತು. ಕೆಲವರು ಮರೆತಿರಬಹುದು ಅಂತ ಪಾಸ್ಟರು ಯೋನನ ಕಥೆಯನ್ನ ಮತ್ತೆ ಮೊದಲಿಂದ ಶುರು ಮಾಡಿದರು. ಹನ್ನೊಂದೂವರೆಗೆ ಯೋನ ಇನ್ನೂ ಹಡಗಿನವರ ಹತ್ತಿರ ಟಿಕೆಟ್ಟಿಗೆ ಚೌಕಾಸಿ ಮಾಡ್ತಿದ್ದ. ಮೀನು ನುಂಗೋ ಹೊತ್ತಿಗೆ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತೀನಿ, ಮಕ್ಕಳು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ನೋಡ್ತಿದ್ದಾರೆ. ನೋಡ್ತಿದ್ದದ್ದು ಕೊನೆಯ ಬೆಂಚಲ್ಲಿದ್ದ ನಮ್ಮೋರನ್ನ. ಒಬ್ಬಳು ಹುಡುಗಿ ಮಣಿಕಟ್ಟು ತಟ್ಟಿ ತೋರಿಸಿದಳು. ಇವರು ತಲೆ ತಗ್ಗಿಸಿದರು.

ಆ ತಗ್ಗಿದ ತಲೆ ನನ್ನಿಂದ ನೋಡೋಕಾಗಲಿಲ್ಲ. ಹೀಗೇ ಊರಿಗೆ ಕರ್ಕೊಂಡು ಹೋದರೆ ಈ ಮನುಷ್ಯ ಸಾಯೋತನಕ ಆ ಕುರ್ಚಿ ಬಿಡಲ್ಲ ಅನ್ನಿಸಿತು. ಗೋಡೆ ಗಡಿಯಾರ ಹನ್ನೊಂದು ನಲವತ್ತು ತೋರಿಸ್ತಿತ್ತು. ಸೌಟು ಕೆಳಗಿಟ್ಟೆ. ಅಂಗಳಕ್ಕಿಳಿದು, ಮೊಳೆಯಿಂದ ಹಗ್ಗ ಬಿಡಿಸಿ, ಇದ್ದ ಸಿಟ್ಟನ್ನೆಲ್ಲ ಸೇರಿಸಿ ಎಳೆದೆ. ಗಂಟೆ ಎಲ್ಲೋ ಅಡ್ಡ ಹೊಡೆದು ಪಾತ್ರೆ ಬಿದ್ದ ಸದ್ದಾಯ್ತು. ಮೂವತ್ತನಾಲ್ಕು ವರ್ಷ ಬೆಲ್ ಸದ್ದನ್ನ ಬೈದವಳು ನಾನೇ.

ಪಾಸ್ಟರು ಮಾತು ನಿಲ್ಲಿಸಿ ಕಿಟಕಿಯಿಂದ ಬಗ್ಗಿ ನೋಡಿದರು. "ಅಕ್ಕ, ನೀವಾ?"

ಅಷ್ಟರಲ್ಲಿ ನಮ್ಮೋರು ಎದ್ದಿದ್ದರು. ದಾಪುಗಾಲು ಹಾಕ್ಕೊಂಡು ಬಂದು ಹಗ್ಗಕ್ಕೆ ಕೈ ಹಾಕಿದರು. "ಬಿಡೇ ಅದನ್ನ."

"ನೀವು ಹೊಡೀತೀನಿ ಅನ್ನಿ, ಬಿಡ್ತೀನಿ."

"ಲಾಂಗ್ ಬೆಲ್ ಹೊಡೆಯೋದು ಹಿಂಗಾ? ಅದೂ ಒಂದು ನಿಮಿಷ ಮುಂಚೆ. ಅಡುಗೆಮನೆ ಗಡಿಯಾರ ನೋಡ್ಕೊಂಡು ಬಂದ್ಯಾ?" ಜೇಬಿಂದ ಗಡಿಯಾರ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಹನ್ನೊಂದು ಮೂವತ್ತೊಂಬತ್ತು. "ಏಳನೇ ಕ್ಲಾಸಿನವರಿಗೂ ನಿನಗಿಂತ ಬುದ್ಧಿ ಇರುತ್ತೆ."

ಆಮೇಲೆ ಸಭಾಂಗಣಕ್ಕೆಲ್ಲ ಕೇಳೋ ಹಾಗೆ ಹೇಳಿದರು, "ಪಾಸ್ಟರೇ, ತಪ್ಪು ನಮ್ಮ ಕಡೆಯದು. ಇನ್ನೂ ಒಂದು ನಿಮಿಷ ಇದೆ. ಅದು ನಿಮ್ಮದು. ಒಂದು ಸೆಕೆಂಡೂ ಕಮ್ಮಿ ಮಾಡಲ್ಲ, ಹೇಳಿ."

ಪಾಸ್ಟರು ನಮ್ಮೋರನ್ನ ನೋಡಿದರು, ಹಗ್ಗ ನೋಡಿದರು, ಉಸಿರು ಬಿಗಿಹಿಡಿದು ಕೂತಿದ್ದ ಮಕ್ಕಳನ್ನ ನೋಡಿದರು. ಅವರ ತುಟಿ ಮೂಲೆಯಲ್ಲಿ ನಗು ಬಂದದ್ದು ನನಗೆ ಕಾಣಿಸಿತು.

"ಯೋನ ಹೊಟ್ಟೆಯೊಳಗಿಂದ ಪ್ರಾರ್ಥನೆ ಮಾಡಿದ" ಅಂದರು ಪಾಸ್ಟರು. ದುಭಾಷಿ ಹೇಳಿದಳು. "ದೇವರು ಕೇಳಿದ." ಹೇಳಿದಳು. "ಮೀನು ದಡಕ್ಕೆ ಕಕ್ಕಿತು. ಯೋನ ಎದ್ದ, ಮೈ ಒರೆಸಿಕೊಂಡ, ಮೊದಲೇ ಹೋಗಬೇಕಾಗಿದ್ದ ಊರಿಗೆ ಹೋದ. ಆಮೆನ್." ದುಭಾಷಿ ಆಮೆನ್ ಅನ್ನೋಕೂ ನಮ್ಮೋರ ಕೈ ಎತ್ತೋಕೂ ಸರಿಹೋಯ್ತು.

ಅದು ಲಾಂಗ್ ಬೆಲ್ ಅಂದರೆ. ಒಂದೇ ಹದ, ಒಂದೇ ದನಿ, ಎಲ್ಲೂ ತಡವರಿಸದೆ. ಮಕ್ಕಳು ಬೆಂಚಿನ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ಬೆಲ್ ಮುಗಿದ ಮೇಲೆ ನಮ್ಮೋರು ಗಡಿಯಾರವನ್ನ ಕೈಗೆ ಕಟ್ಟಿಕೊಂಡು, "ಊಟ ಬಡಿಸು, ಮೂರು ನಿಮಿಷ ಲೇಟಾಗಿದೆ" ಅಂದರು.

ವಾಪಸ್ ಬರ್ತಾ ವಿಮಾನದಲ್ಲಿ ಪಾಸ್ಟರು ಹಿಂದಿನ ಸೀಟಿಂದ ತಲೆ ಚಾಚಿ, "ಅಣ್ಣ, ಭಾನುವಾರ ನನಗೆಷ್ಟು ನಿಮಿಷ ಕೊಡ್ತೀರಿ?" ಅಂತ ಕೇಳಿದರು.

"ನಲವತ್ತು."

"ನಲವತ್ತೈದು ಮಾಡಿ."

"ಬೋರ್ಡಲ್ಲಿ ಬರೀರಿ, ನೋಡೋಣ."

ಊರಿಗೆ ಬಂದ ಮಾರನೇ ದಿನ ಏಳೂಮುಕ್ಕಾಲಕ್ಕೇ ತಿಂಡಿ ಮಾಡಿ ಮುಚ್ಚಿಟ್ಟು, ಅಡುಗೆಮನೇಲಿ ಸದ್ದಿಲ್ಲದೆ ಕಾಯ್ತಾ ನಿಂತಿದ್ದೆ. ಸರಿಯಾಗಿ ಎಂಟಕ್ಕೆ ಹಾಲ್‌ನಿಂದ ಕೇಳಿಸಿತು, ಸ್ಟೀಲ್ ಲೋಟದ ಮೇಲೆ ಎರಡೇಟು.

"ಬಂದೆ ಬಂದೆ" ಅಂತ ರೇಗಿದೆ. "ನಾನೇನು ನಿಮ್ಮ ಏಳನೇ ಕ್ಲಾಸಾ?"