ಬಾಡಿಗೆ ಕೇಳದ ಓನರಮ್ಮ

ಆಯಮ್ಮನ ಪಾದ ಎಂಟು ವರ್ಷದ ಮಗುವಿನದರಷ್ಟೇ. ಬಾಗಿಲಲ್ಲಿ ಶೂ ಬಿಚ್ಚಿ, ಮೂತಿ ಹೊರಗಡೆ ತಿರುಗಿಸಿ ಇಡುತ್ತಿದ್ದಳು. ಪಕ್ಕದಲ್ಲಿ ರಾಶಿ ಬಿದ್ದ ನಮ್ಮ ಚಪ್ಪಲಿಗಳನ್ನೂ ಬಗ್ಗಿ ಜೋಡಿಸುತ್ತಿದ್ದಳು. ಮನೆ ಅವಳದು, ಬಾಡಿಗೆಗೆ ಇದ್ದವರು ನಾವು. ನಾಚಿಕೆಯಾಗಿ, ಅವಳು ಬರೋ ಹೊತ್ತಿಗೆ ನಾನೇ ಜೋಡಿಸಿಡುವುದು ಕಲಿತೆ.

ಅಮೆರಿಕದ ರೆಸ್ಟನ್ ಊರಿನಲ್ಲಿ ಮಗಳು ಅಳಿಯನ ಜೊತೆ ಇದ್ದೆ, ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇಸವಿ. ಓನರಮ್ಮ ಜಪಾನಿನವಳು. ಅಮೆರಿಕದ ಸಿಪಾಯಿಯನ್ನು ಕಟ್ಟಿಕೊಂಡು ಬಂದು, ಅವನು ಸತ್ತ ಮೇಲೆ ಹತ್ತಿರದಲ್ಲೇ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಅವಳ ಊಟ, ಮಾತ್ರೆ ಎಲ್ಲಾ ನಮ್ಮ ಬಾಡಿಗೆಯಲ್ಲೇ. ಹಗಲಲ್ಲಿ ನಾನೊಬ್ಬಳೇ ಇರುವಾಗ ಟೀಗೆ ಬರೋಳು. ನನಗೆ ಇಂಗ್ಲಿಷ್ ಬಾರದು. ಅವಳು ಜಪಾನಿಯಲ್ಲಿ, ನಾನು ಕನ್ನಡದಲ್ಲಿ. ಉಪ್ಪಿಟ್ಟು ಕೊಟ್ಟರೆ 'ಓಯಿಶೀ', ರುಚಿ ಅಂತ, ಅನ್ನೋಳು, ಮೆಣಸಿನಕಾಯಿ ಮಾತ್ರ ತಟ್ಟೆಯ ಅಂಚಿಗೆ ಸಾಲಾಗಿ ಇಡೋಳು.

ಒಂದು ದಿನ "ಯಾಚಿನ್ ವಾ... ಚೊತ್ತೊ..." ಅಂದು ನಿಲ್ಲಿಸಿದಳು. ಯಾಚಿನ್ ಅಂದರೆ ಬಾಡಿಗೆ, ಚೊತ್ತೊ ಅಂದರೆ ಸ್ವಲ್ಪ, ಅವಳೇ ಕಲಿಸಿದ್ದು. ಬಾಡಿಗೆ ಸ್ವಲ್ಪ ಏನು? ಟೀ ಕಪ್ಪು ನೋಡುತ್ತ ಕೂತಳು. ಮುಂದಿನ ತಿಂಗಳೂ ಅದೇ. ಮಗಳು ಆಫೀಸಿನಲ್ಲಿ ಯಾರನ್ನೋ ಕೇಳಿಕೊಂಡು ಬಂದಳು. "ಅಮ್ಮಾ, ಅವರಲ್ಲಿ ಅಷ್ಟಂದರೆ ಪೂರ್ತಿ ಹೇಳಿದ ಹಾಗಂತೆ. ಬಾಡಿಗೆ ಬಂದಿಲ್ಲ ಅಂತ. ಬಾಯಿಬಿಟ್ಟು ಕೇಳಿದರೆ ಇಬ್ಬರ ಮಾನವೂ ಹೋಗುತ್ತಂತೆ."

ಅಳಿಯನನ್ನು ಕೇಳಿದೆ. ಅನ್ನ ಕಲಸುತ್ತಲೇ ಅಂದ, "ಹೊಸ ಮನೆಗೆ ಡೌನ್ ಪೇಮೆಂಟ್ ಕಟ್ಟಬೇಕಿತ್ತು ಅತ್ತೆ. ಅವಳು ಕೇಳಿದಾಗ ಕೊಟ್ಟರಾಯಿತು."

"ಕೇಳಿದಳಲ್ಲಪ್ಪ, ಎರಡು ಸಲ."

"ಅದು ಕೇಳಿದ ಹಾಗಾ?" ಅಂತ ನಕ್ಕ.

ಆವತ್ತಿನಿಂದ ಅವನಿಗೆ ಬಡಿಸಲು ನನಗೆ ಅಸಹ್ಯ. ಮಗಳೇ ಬಡಿಸೋಳು.

ಹೊಸ ಮನೆ ಎರಡು ಬೀದಿ ಆಚೆ. ಗೃಹಪ್ರವೇಶಕ್ಕೆ ಓನರಮ್ಮನನ್ನೂ ಕರೆದಿದ್ದ, ನಾಚಿಕೆಗೆಟ್ಟವನು. ಅವಳು ಬಂದು ಬಿಳಿ ಕವರಿನಲ್ಲಿ ಮುಯ್ಯಿ ಹಾಕಿ ಎರಡು ಕೈಯಲ್ಲಿ ಕೊಟ್ಟಳು. ಇವನು ಒಂದು ಕೈಯಲ್ಲಿ ಇಸ್ಕೊಂಡು ಜೇಬಿಗಿಳಿಸಿದ. ನನಗೆ ತಡೆಯಲಿಲ್ಲ. ಊಟಕ್ಕೆ ಕೂತ ಅಷ್ಟೂ ಜನರ ಮುಂದೆ ಅಂದೆ, "ಈಯಮ್ಮನಿಗೆ ಮೂರು ತಿಂಗಳ ಬಾಡಿಗೆ ಕೊಟ್ಟಿಲ್ಲ ನೀನು. ಮೊದಲು ಅದು ಕೊಡು, ಆಮೇಲೆ ಮುಯ್ಯಿ ತಗೋ." ಅವಳಿಗೂ ತಿಳಿಯಲಿ ಅಂತ ಮೂರು ಬೆರಳು ಎತ್ತಿ "ಯಾಚಿನ್, ಯಾಚಿನ್" ಅಂದೆ.

ಅಳಿಯ ಹಲ್ಲು ಕಚ್ಚಿಕೊಂಡು ಅಲ್ಲೇ ಚೆಕ್ ಬರೆದ. ಓನರಮ್ಮ ಕಿವಿವರೆಗೂ ಕೆಂಪಾಗಿ, ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು, ತಾನೇ ಕದ್ದವಳ ಹಾಗೆ. ಊಟ ಮಾಡದೆ ಹೋದಳು.

ಒಂದು ತಿಂಗಳು ಕಾದೆ, ಟೀಗೆ ಬರಲಿಲ್ಲ. ಉಪ್ಪಿಟ್ಟು ಡಬ್ಬಿಗೆ ಹಾಕಿಕೊಂಡು, ಮೆಣಸಿನಕಾಯಿ ಆರಿಸಿ ತೆಗೆದು, ನಾನೇ ಹೋದೆ. ಬಾಗಿಲು ಅರ್ಧ ತೆರೆದು, ಬಗ್ಗಿ ನಮಸ್ಕಾರ ಮಾಡಿ, "ಚೊತ್ತೊ..." ಅಂದಳು. ಅಷ್ಟೇ. ಪೂರ್ತಿ ತಿಳಿಯಿತು. ಡಬ್ಬಿ ಹಿಡಿದು ವಾಪಸ್ ಬಂದೆ. ಎರಡು ಚಳಿಗಾಲ ಕಳೆದು ತೀರಿಕೊಂಡಳಂತೆ, ನಮಗೆ ಗೊತ್ತಾದಾಗ ಮಣ್ಣೂ ಆಗಿತ್ತು.

ಅಳಿಯ ಈಗ ಬೇಸ್‌ಮೆಂಟನ್ನು ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದಾನೆ. ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೇ ಇಳಿದು ಹೋಗಿ ಬಾಗಿಲು ಬಡಿಯುತ್ತಾನೆ. ಆ ಸದ್ದು ಮೇಲೆ ಅಡಿಗೆಮನೆಗೂ ಕೇಳುತ್ತದೆ. ಹೇಸಿಗೆಯಾಗುತ್ತದೆ ನನಗೆ, ಅವನ ಕೈ ಮೇಲೂ, ನನ್ನ ಬಾಯಿ ಮೇಲೂ.