ಭಾಬಿಗೆ ಹೇಳದೆ ಉಳಿದ ಊರು

ಮರಳೂರಿನ ತಿರುವಿನಲ್ಲಿ ಸಂಜೆ ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ. ಬಿಸಿ ಬಾಣಲೆಗೆ ವಿನಿಗರ್ ಬಿದ್ದಾಗ ಏಳುವ ಆ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಇವತ್ತಿಗೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಎಂಬತ್ತರ ದಶಕದ ಆರಂಭ. ನಮ್ಮ ಎದುರುಮನೆಯ ಭಾಯ್ ಇಂಗ್ಲೆಂಡಿನ ಉಣ್ಣೆ ಮಿಲ್ಲೊಂದರಲ್ಲಿದ್ದರು. ನಾನೂ ಓದಲೆಂದು ಅದೇ ಸೀಮೆಗೆ ಹೊರಟಾಗ ಅವರ ಹೆಂಡತಿ, ಗುಬ್ಬಿ ತವರಿನ ಭಾಬಿ, ಬಾಗಿಲ ಮರೆಯಿಂದ ಹೇಳಿದ್ದರು: "ಬಾ ಅಂತ ಕರೀತಾನೇ ಇದಾರೆ. ನಂಗೇ ಭಯ. ಹೆಂಗಸರು ಬದುಕೋ ಅಂಥ ಊರಾ ಅಂತ ನೋಡಿ ಹೇಳಿ. ನೀವು ಹೂಂ ಅಂದ್ರೆ ಹೊರಡ್ತೀನಿ."

ಅದಕ್ಕೆಂದೇ ಭಾಯ್ ಒಂದು ಶನಿವಾರ ನನ್ನನ್ನು ಯಾರ್ಕ್ ನಗರಕ್ಕೆ ಕರೆದೊಯ್ದರು. ತಾವೇ ಕಟ್ಟಿಸಿದ ಊರೆಂಬಂತೆ ತೋರಿಸಿದರು. ದೊಡ್ಡ ಚರ್ಚಿನ ಬಣ್ಣದ ಗಾಜಿನ ಕೆಳಗೆ ಕತ್ತು ನೋಯುವವರೆಗೆ ನಿಂತೆವು. ಹಳೆಯ ಕೋಟೆಗೋಡೆಯ ಮೇಲೆ ನಿಧಾನವಾಗಿ ನಡೆದೆವು. ಎದುರುಬದಿರಿನ ಮಹಡಿಗಳು ಒಂದಕ್ಕೊಂದು ತಾಗುವಂತಿದ್ದ ಗಲ್ಲಿಯಲ್ಲಿ ಎರಡೂ ಕೈ ಚಾಚಿ ನಕ್ಕರು. "ನಮ್ ಮಂಡಿಪೇಟೆ ಗಲ್ಲಿ ಕಣೋ ಇದು! ಅಲ್ಲಿ ಇಕ್ಕಟ್ಟು ಅಂತ ಬೈತಾರೆ, ಇಲ್ಲಿ ಫೋಟೋ ತೆಗೀತಾರೆ. ನಿಮ್ ಭಾಬಿಗೆ ಹೇಳು ಇದನ್ನ."

ಸಂಜೆ ನದಿದಂಡೆಯ ಬೆಂಚಿನಲ್ಲಿ ಕುಳಿತು ವಿನಿಗರ್ ಚಿಮುಕಿಸಿದ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಬಿಚ್ಚಿದೆವು. ಕುಣಿಗಲ್ ಕೆರೆ ಏರಿ ಮೇಲೆ ಕೂತ ಹಾಗಿದೆ ಎಂದರು ಭಾಯ್. ಆಗ ಮೂವರು ಬಿಳಿ ಹುಡುಗರು ಬಂದು ಎದುರಿಗೆ ನಿಂತರು. ಯಾರಾದರೂ ನೋಡುತ್ತ ನಿಂತರೆ 'ಬನ್ನಿ, ತಿನ್ನಿ' ಎನ್ನದೆ ತುತ್ತು ಬಾಯಿಗಿಡದ ಜನ ನಾವು. ಭಾಯ್ ನಗುತ್ತ ಪೊಟ್ಟಣವನ್ನು ಅವರತ್ತ ಚಾಚಿದರು.

ಒಬ್ಬ ಅದನ್ನು ಒದ್ದ. ಇನ್ನೊಬ್ಬ ಕೈಯಲ್ಲಿದ್ದ ಬಾಟಲಿಯನ್ನು ಬೆಂಚಿನ ಅಂಚಿಗೆ ಬಡಿದು ಒಡೆದ... ನನಗೆ ಈಗಲೂ ಮೊದಲು ಬರುವುದು ಆ ಸದ್ದು. ಆಮೇಲೆ ಭಾಯ್ ಕೊರಳ ಬಳಿ ಗಾಜಿನ ಹಲ್ಲು. ನಾನು ಕೂಗಿದೆ. ದಾರಿಯಲ್ಲಿ ಬರುತ್ತಿದ್ದ ದಂಪತಿ ತಿರುಗಿ ನಡೆದರು. ಭಾಯ್ ಕತ್ತು ಹೊರಳಿಸಿದ್ದರಿಂದ ಗಾಜು ಕಿವಿಯ ಹಿಂದೆ ಸೀಳಿತು. ಒಂದು ಅಂಗುಲ ಇತ್ತ ಬಿದ್ದಿದ್ದರೆ... ಎಷ್ಟೋ ಸಲ ಕನಸಿನಲ್ಲಿ ಅದು ಇತ್ತಲೇ ಬೀಳುವುದನ್ನು ಕಂಡಿದ್ದೇನೆ. ಹುಡುಗರು ಓಡಲೂ ಇಲ್ಲ, ನಗುತ್ತ ನಡೆದುಹೋದರು.

ರೈಲಿನಲ್ಲಿ ಕರ್ಚೀಫು ಒತ್ತಿಕೊಂಡು ಭಾಯ್ ಹೇಳಿದರು: "ಅವಳು ಬರೋದ್ ಬೇಡ. ಚಳಿ ತಡೆಯಕ್ಕಾಗಲ್ಲ ಅಂತ ಹೇಳು. ಇದನ್ನ ಹೇಳಿದ್ರೆ ನನ್ನಾಣೆ."

ಹಾಗೆಯೇ ಹೇಳಿದೆ. ಮಿಲ್ಲಿನ ದುಡಿಮೆ ಬಿಡಲಾಗದೆ ಅವರು ಅಲ್ಲೇ ಉಳಿದರು. ಊರಿಗೆ ಬಂದಾಗ ಕಿವಿಯ ಹಿಂದಿನ ಗುರುತನ್ನು ಮಷೀನು ತಾಗಿದ್ದು ಎಂದರಂತೆ. ಕೊನೆಗೆ ಅಲ್ಲೇ ಮಣ್ಣಾದರು.

ಹೋದ ವಾರ ಗುಬ್ಬಿಯಲ್ಲಿ ಭಾಬಿ ಸಿಕ್ಕರು. ತಮ್ಮನ ಮನೆಯಲ್ಲಿದ್ದಾರೆ. ಟೀ ಕೊಟ್ಟವರೇ ಕೇಳಿದರು: "ಈಗ್ಲಾದ್ರೂ ನಿಜ ಹೇಳಿ. ಅಲ್ಲಿ ಅವರಿಗೆ ಇನ್ನೊಬ್ಬಳು ಇದ್ಲು ಅಲ್ವಾ? ಚಳಿ ಅಂತ ಯಾರಾದ್ರೂ ಹೆಂಡ್ತೀನ ಬಿಡ್ತಾರಾ?"

ಆಣೆ ಮುರಿದು ಎಲ್ಲವನ್ನೂ ಹೇಳಿದೆ. ಆ ಮೂವರು ಹುಡುಗರಿಗೆ ಆ ಸಂಜೆ ನೆನಪೂ ಇರಲಾರದು. ಭಾಬಿ ಟೀ ಲೋಟ ಎತ್ತಿಟ್ಟರು. ಆಮೇಲೆ ಅಂದರು: "ಇಷ್ಟು ವರ್ಷ ದಿನಾ ಬೈಕೊಂಡಿದೀನಿ ಅವರನ್ನ. ಸತ್ತ ಸುದ್ದಿ ಬಂದಾಗ್ಲೂ ಅಳಲಿಲ್ಲ ನಾನು."