ಮಸ್ಕಿಯ ಸೂಗಪ್ಪ ವಿಮಾನದ ಪಾಠಶಾಲೆ ಹುಡುಕಿದ್ದು

೧೯೫೩ರ ಬೇಸಿಗೆಯಲ್ಲಿ ಮಸ್ಕಿಯ ಅಂಚೆ ಕಚೇರಿಗೆ ಒಂದೇ ವಾರದಲ್ಲಿ ಮೂರು ದಪ್ಪ ಲಕೋಟೆಗಳು ಬಂದವು. ಒಂದು ಹೈದರಾಬಾದಿನದು, ಒಂದು ಮದ್ರಾಸಿನದು, ಇನ್ನೊಂದು ಮುಂಬಯಿಯದು. ಮೂರರ ಮೇಲೂ ಒಂದೇ ಹೆಸರು: ಸೂಗಪ್ಪ, ಹತ್ತಿ ವ್ಯಾಪಾರಿ ಆದೆಪ್ಪನವರ ಮಗ. ಆಗ ನಾನೇ ಅಲ್ಲಿನ ಅಂಚೆ ಮಾಸ್ತರ. ಸೂಗಪ್ಪ ಮತ್ತು ನಾನು ಉರ್ದು ಶಾಲೆಯಲ್ಲಿ ಒಂದೇ ಬೆಂಚಿನವರು. ಲಕೋಟೆ ಅವನ ಕೈಗೆ ಕೊಟ್ಟು, "ಏನಲೇ ಇದು?" ಅಂದೆ.

"ವಿಮಾನ ನಡಸೋ ಲೈಸೆನ್ಸ್ ಬೇಕಾದ್ರ ಮೊದಲು ನೆಲದ ಮ್ಯಾಲೆ ಕುಂತು ಕಲೀಬೇಕು. ದಿಕ್ಕು, ಮೋಡ, ಗಾಳಿ, ಯಂತ್ರ, ಕಾನೂನು. ಅದಕ್ಕ ಗ್ರೌಂಡ್ ಸ್ಕೂಲ್ ಅಂತಾರ. ಮೂರು ಕಡೆ ಬರದಿದ್ದೆ. ಯಾವುದಕ್ಕ ಹೋಗಬೇಕು ಅಂತ ನೀನೂ ನೋಡು."

ನಾನು ನಗಲಿಲ್ಲ. ಅವನು ವಿಮಾನದ ಮಾತಾಡಿದರೆ ಮಸ್ಕಿಯಲ್ಲಿ ಯಾರೂ ನಗುತ್ತಿರಲಿಲ್ಲ. ಅವನ ಅಕ್ಕ ಬಸವಣ್ಣೆಮ್ಮ ಸತ್ತದ್ದು ವಿಮಾನದ ದೆಸೆಯಿಂದ.

ಅದು ೧೯೪೮ರ ಸೆಪ್ಟೆಂಬರ್. ಇಂಡಿಯಾದ ಫೌಜು ನಿಜಾಮನ ಸೀಮೆಯೊಳಗೆ ಬಂದಿದೆ ಎಂದು ಸುದ್ದಿ. ಬಸ್ಸು ನಿಂತಿದ್ದವು, ಸಂತೆ ನಿಂತಿತ್ತು, ಬಾಗಿಲು ಹಾಕಿಕೊಂಡು ಜನ ಒಳಗೇ ಇದ್ದರು. ಬಸವಣ್ಣೆಮ್ಮನನ್ನು ಸಾಲಗುಂದಕ್ಕೆ ಕೊಟ್ಟಿತ್ತು. ಪಂಚಮಿಗೆ ತವರಿಗೆ ಬಂದವಳು ಗಲಾಟೆಯಲ್ಲಿ ಹಿಂದಿರುಗದೆ ಉಳಿದಿದ್ದಳು. ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿದರೆ ಇದು ರಜಾಕಾರರ ಮನೆಯಲ್ಲ ಎಂದು ಮೇಲಿನವರಿಗೆ ತಿಳಿಯುತ್ತದೆ ಎಂದು ಲಿಂಗಸುಗೂರಿನ ಕಡೆಯಿಂದ ಯಾರೋ ಮಾತು ತಂದಿದ್ದರು. ಒಂದು ಮಧ್ಯಾಹ್ನ ಗುಂಯ್ ಎಂಬ ಸದ್ದು ಕೇಳಿಸಿತು. ಬಸವಣ್ಣೆಮ್ಮ ಬಿಳಿ ಧೋತರ ಹಿಡಿದುಕೊಂಡು ಮಾಳಿಗೆ ಏರಿದಳು. ವಿಮಾನ ಗುಡ್ಡ ದಾಟಿ ತಲೆಯ ಮೇಲೇ ಬಂದಂತೆ ಬಂತು. ಅದು ಬಾಂಬು ಹಾಕಲಿಲ್ಲ, ಗುಂಡು ಹಾರಿಸಲಿಲ್ಲ. ಚೀಟಿಗಳನ್ನು ಉದುರಿಸಿಕೊಂಡು ಹೋಯಿತು. ಆದರೆ ಆ ಸದ್ದಿಗೆ ಬೆಚ್ಚಿ ಹಿಂದೆ ಸರಿದ ಬಸವಣ್ಣೆಮ್ಮ ಅಂಗಳಕ್ಕೆ ಬಿದ್ದಳು. ಮೂರನೆಯ ದಿನ ಧೈರ್ಯ ಮಾಡಿ ಗಾಡಿ ಹೂಡಿದರು. ಸಿಂಧನೂರಿನ ದವಾಖಾನೆ ಇನ್ನೂ ದೂರವಿರುವಾಗಲೇ ಅವಳ ಉಸಿರು ನಿಂತಿತು.

ಆಗ ಸೂಗಪ್ಪನಿಗೆ ಹದಿನಾರು. ತಾನು ದನದ ಕೊಟ್ಟಿಗೆಯಲ್ಲಿದ್ದೆ ಎಂದು ಎಲ್ಲರಿಗೂ ಹೇಳಿದ. ಗುಲ್ಬರ್ಗಾಕ್ಕೆ ಹೋಗಿ ಇಂಟರ್ ಮುಗಿಸಿ ಬಂದ ಮೇಲೂ ಅವನಿಗೆ ಒಂದು ಚಾಳಿ ಉಳಿದಿತ್ತು. ಊರು ಉಂಡು ಮಲಗಿದ ಮಧ್ಯಾಹ್ನ, ಮಾತಾಡುತ್ತಿದ್ದವನು ಥಟ್ಟನೆ ಕತ್ತೆತ್ತುತ್ತಿದ್ದ. "ಬಂತು" ಎನ್ನುತ್ತಿದ್ದ. ನಾವು ಕಿವಿಗೊಟ್ಟರೆ ಏನೂ ಇರುತ್ತಿರಲಿಲ್ಲ. ಬರಿಯ ಬಿಸಿಲು, ಎಲ್ಲೋ ಒಂದು ಮಂಚ ಕಿರುಗುಟ್ಟುವ ಸದ್ದು. ಅವನ ಮುಖ ನೋಡಿದರೆ ಮಾತ್ರ ನಾವೂ ಕತ್ತೆತ್ತಿ ಆಕಾಶ ನೋಡುತ್ತಿದ್ದೆವು.

ಲಕೋಟೆಗಳನ್ನು ಹಿಡಿದುಕೊಂಡು ಇಬ್ಬರೂ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆವು. ಅಲ್ಲಿ ಹಳೆಯ ದಂಡಿನ ಛಾವಣಿಯ ಹತ್ತಿರ ಇಮಾಮ್‌ಸಾಬ್ ಎಂಬುವರ ಸೈಕಲ್ ಅಂಗಡಿ. ದೊಡ್ಡ ಲಡಾಯಿಯ ಕಾಲದಲ್ಲಿ ಬರ್ಮಾ ಗಡಿಯ ಕಡೆ ವಿಮಾನ ರಿಪೇರಿ ಮಾಡಿ ಬಂದವರು. ಎಣ್ಣೆಗೈ ಒರೆಸಿಕೊಂಡು ಲಕೋಟೆಗಳೊಳಗಿನ ಮೂರು ಪುಸ್ತಿಕೆಗಳನ್ನೂ ನಿಧಾನವಾಗಿ ತಿರುವಿದರು.

"ತಸ್ಬೀರ್ ನೋಡಬ್ಯಾಡ ತಮ್ಮಾ. ವಿಮಾನದ ಚಿತ್ರ ಯಾರರ ಹಾಕ್ತಾರ. ಮೂರು ಮಾತು ಕೇಳಿ ಕಾಗದ ಬರಿ. ದಿಕ್ಕಿನ ಪಾಠ ಯಾರು ಮಾಡ್ತಾರ? ಹೋದ ವರ್ಷ ಎಷ್ಟು ಮಂದಿ ಫೇಲಾದ್ರು? ಫೇಲಾದವರಿಗೆ ಮತ್ತ ಪಾಠ ಹೇಳ್ತೀರೋ ಇಲ್ಲೋ? ಇವಕ್ಕ ಖರೇ ಜವಾಬು ಕೊಟ್ಟಾಂವ ಒಳ್ಳೆ ಉಸ್ತಾದ."

ಸೂಗಪ್ಪ ಮುಂಬಯಿಯ ಪುಸ್ತಿಕೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿನ ಮುಖ್ಯ ಉಪಾಧ್ಯಾಯ ಡಿಮೆಲ್ಲೊ ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸೀಮೆಯ ಮೇಲೆ ಹಾರಿದವರು ಎಂದು ಬರೆದಿತ್ತು.

"ನಾ ಇಲ್ಲಿಗೇ ಹೋಗ್ತೀನ್ರಿ ಚಾಚಾ."

ಇಮಾಮ್‌ಸಾಬರು ಆ ಸಾಲು ಓದಿದರು. ಕನ್ನಡಕ ತೆಗೆದರು. "ನೀ ಪಾಠಶಾಲಿ ಹುಡುಕಾಕತ್ತಿಲ್ಲ. ಮನುಷ್ಯಾನ್ನ ಹುಡುಕಾಕತ್ತಿ."

ಸೂಗಪ್ಪ ಪುಸ್ತಿಕೆ ಮಡಿಸಿ ಲಕೋಟೆಯೊಳಗಿಟ್ಟ.

"ನನ್ನ ತಮ್ಮ ಜಂಗ್ಲಿಸಾಬ್ ಅದೇ ತಿಂಗಳ ಮನಿ ಬಿಟ್ಟು ಹೋದಾಂವ ಬರಲಿಲ್ಲ," ಎಂದರು ಇಮಾಮ್‌ಸಾಬ್. "ಫೌಜು ಬಂದ ಮ್ಯಾಲೆ ನಮ್ಮ ಮಂದಿಗೆ ಏನೇನಾತು, ನಿನಗ ಗೊತ್ತೈತಿ. ಎರಡು ವರ್ಷ ನಾನೂ ಹುಡುಕೀನಿ. ಯಾರನ್ನ ಕೇಳಿದ್ರೂ, ನಾ ನೋಡಿಲ್ಲ ಅಂತಾರ. ಹೋಗು. ಆದ್ರ ಆ ಮಾತು ಕೇಳಿಸ್ಕೊಳ್ಳಾಕ ತಯಾರಾಗಿ ಹೋಗು."

ಬಸ್ಸಿನಲ್ಲಿ ಹಿಂದಿರುಗುವಾಗ ಸೂಗಪ್ಪ ಮೊದಲ ಸಲ ನನಗೆ ನಿಜ ಹೇಳಿದ. ಅವನು ಕೊಟ್ಟಿಗೆಯಲ್ಲಿರಲಿಲ್ಲ. ಧೋತರ ಹಾಸಲು ಹೊರಟವನು ಅವನೇ. ಸದ್ದು ಕೇಳಿ ಹೆದರಿ, "ನೀ ಹೋಗಕ್ಕಾ, ನಾ ನಿಚ್ಚಣಿಕಿ ಹಿಡೀತೀನಿ" ಎಂದಿದ್ದ. ಅವಳು ನಕ್ಕು, "ಗಂಡಸು ನೋಡು" ಎಂದು ಏರಿದ್ದಳು.

"ಆ ಪೈಲಟ್‌ಗೆ ಆಕಿ ಕಂಡಿದ್ಲೋ ಇಲ್ಲೋ, ಅಷ್ಟು ತಿಳೀಬೇಕು ನನಗ," ಎಂದ.

ಮುಂಬಯಿಗೆ ಹೋದ. ನನಗೆ ತಿಂಗಳಿಗೊಂದು ಕಾಗದ. ಡಿಮೆಲ್ಲೊ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಪಾಠಕ್ಕೆ ಬಂದರೆ ಅರ್ಧ ತಾಸು ತಮ್ಮ ಹಾರಾಟದ ಕತೆ, ಅರ್ಧ ತಾಸು ಸಿಗರೇಟು. ಲೆಕ್ಕ ಬಿಡಿಸಿ ತೋರಿಸುವವರಿಲ್ಲ. ಆರು ತಿಂಗಳಾದರೂ ಸೂಗಪ್ಪ ತನ್ನ ಪ್ರಶ್ನೆ ಕೇಳಲಿಲ್ಲ. ಕಡೆಗೊಂದು ದಿನ ಅವರು ಪಾಠಕ್ಕೆಂದು ಕೃಷ್ಣಾ, ತುಂಗಭದ್ರಾ ನಡುವಿನ ಸೀಮೆಯ ನಕಾಶೆಯನ್ನೇ ಗೋಡೆಗೆ ಹಾಕಿದರು. ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ತರಗತಿ ಮುಗಿದು ಎಲ್ಲರೂ ಎದ್ದ ಮೇಲೆ ಸೂಗಪ್ಪ ಹತ್ತಿರ ಹೋದ.

"ಆ ತಿಂಗಳು ನೀವು ಈ ಗೆರೆಯ ಮೇಲೆ ಹೋಗಿದ್ದಿರಾ, ಸರ್?"

"ಹೋಗಿರಬಹುದು. ಆರೇಳು ಮಂದಿ ಹೋಗುತ್ತಿದ್ದೆವು. ಊರಿನ ಹೆಸರು ಯಾರು ಬರೆದಿಡುತ್ತಾರೆ?"

"ಮಾಳಿಗೆಯ ಮೇಲೆ ಬಿಳಿ ಬಟ್ಟೆ ಕಾಣುತ್ತಿತ್ತೇ?"

"ಬಿಳಿ ಬಟ್ಟೆಯೇ? ಬೇಕಾದಷ್ಟು. ಯಾವ ಊರಿಗೆ ಹೋದರೂ ಕಾಣುತ್ತಿತ್ತು." ಡಿಮೆಲ್ಲೊ ನೆನಪಿಸಿಕೊಂಡು ನಕ್ಕರು. "ಇಲ್ಲಿಯವರು ಎಷ್ಟು ಬಟ್ಟೆ ಒಗೆದು ಒಣಹಾಕುತ್ತಾರಪ್ಪಾ ಎಂದುಕೊಳ್ಳುತ್ತಿದ್ದೆ."

ಸೂಗಪ್ಪ ತನ್ನ ಪುಸ್ತಕ ಎತ್ತಿಕೊಂಡು ಹೊರಗೆ ಬಂದ. ಆ ವರ್ಷದ ಪರೀಕ್ಷೆಯಲ್ಲಿ ಆ ತರಗತಿಯ ಅರ್ಧಕ್ಕರ್ಧ ಮಂದಿ ದಿಕ್ಕಿನ ವಿಷಯದಲ್ಲಿ ಫೇಲಾದರು, ಅವನೂ ಫೇಲಾದ. ಟ್ರಂಕು ಹೊತ್ತುಕೊಂಡು ಮಸ್ಕಿಗೆ ಬಂದ.

ಬಂದವನು ಮನೆಯಲ್ಲಿ ನಿಲ್ಲಲಿಲ್ಲ. ಸಿಂಧನೂರಿನಲ್ಲಿ ಸೋದರತ್ತೆ ಶೇಖರಮ್ಮನ ಮನೆ ಸೇರಿದ. ತುಂಗಭದ್ರೆಯ ಕಾಲುವೆ ಕೆಲಸ ಆಗ ಜೋರಾಗಿ ನಡೆದಿತ್ತು. ಅಳತೆಯವರ ಕೈಕೆಳಗೆ ಅವನಿಗೆ ಕೆಲಸ ಸಿಕ್ಕಿತು. ದಿನವೆಲ್ಲ ತುರ್ವಿಹಾಳದ ಕಡೆಯ ಎರೆಹೊಲಗಳಲ್ಲಿ ದುರ್ಬೀನು ಇಟ್ಟು ಅಳೆಯುತ್ತಿದ್ದ. ನಾನು ನೋಡಲು ಹೋದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಊಟಕ್ಕ ಕುಂತಾಂವ ತುತ್ತು ಹಿಡಕೊಂಡು ಹಂಗೇ ಮ್ಯಾಲೆ ನೋಡ್ತಾನಪ್ಪಾ. ನನಗ ಹೆದರಿಕಿ ಅಕ್ಕೈತಿ," ಎಂದಳು.

ಸೂಗಪ್ಪನಿಗೆ ನಾನೇ ಒತ್ತಾಯ ಮಾಡಿದೆ. "ನಿಮ್ಮವ್ವನ ಮುಂದ ಹೇಳು. ನನ್ನ ಮುಂದ ಹೇಳಿ ಏನೂ ಆಗಿಲ್ಲ."

ಮರುವಾರ ಮಸ್ಕಿಗೆ ಬಂದ. ಅವನ ತಾಯಿ ಜಂಬಮ್ಮ ಪಡಸಾಲೆಯಲ್ಲಿ ಹತ್ತಿಯ ಕಸ ಆರಿಸುತ್ತಿದ್ದಳು. ಏನಾಯಿತೆಂದು ಅವನೇ ಆಮೇಲೆ ನನಗೆ ಹೇಳಿದ. ಇವನು ಎದುರಿಗೆ ಕೂತು, "ಯವ್ವಾ, ಅಕ್ಕನ್ನ ಮಾಳಿಗಿಗೆ ಕಳಿಸಿದಾಂವ ನಾನು," ಎಂದ.

ಜಂಬಮ್ಮ ಕೈ ನಿಲ್ಲಿಸಲಿಲ್ಲ. "ನಿಚ್ಚಣಿಕಿ ಹಿಡ್ದಾಂವ ನೀನು ಅಂತ ಅವತ್ತೇ ಗೊತ್ತಿತ್ತು."

"ಮತ್ತ ಯಾಕ ಕೇಳಲಿಲ್ಲ?"

"ಪೆಟಗಿಯಿಂದ ಧೋತರ ತಗದು ಆಕಿ ಕೈಯಾಗ ಕೊಟ್ಟಾಕಿ ನಾನು. ನಿನ್ನ ಕೇಳಿದ್ರ ನಾನೂ ಹೇಳಬೇಕಾಗ್ತಿತ್ತು. ನಿಮ್ಮಪ್ಪನ ಮುಂದ ಹೇಳೋ ಧೈರ್ಯ ನನಗಿರಲಿಲ್ಲ."

ಆರು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಅದೇ ಭಾರ ಹೊತ್ತಿದ್ದರು. ಇಬ್ಬರೂ ಅಳಲಿಲ್ಲವಂತೆ. ಅವನೂ ಹತ್ತಿ ಎಳೆದುಕೊಂಡು ಕಸ ಆರಿಸತೊಡಗಿದ. ಸಂಜೆ ಆದೆಪ್ಪ ಅಂಗಡಿಯಿಂದ ಬಂದಾಗ ಇಬ್ಬರೂ ಎದ್ದು ನಿಂತು ಅವನಿಗೂ ಹೇಳಿದರು. ಆದೆಪ್ಪ ಕೇಳಿ, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ. ಎಂಟನೆಯ ದಿನ ಮಗನನ್ನು ಕರೆದು, "ಆ ವಿದ್ಯಾ ಬಿಟ್ಟಿಯೇನು?" ಎಂದು ಮಾತ್ರ ಕೇಳಿದ.

ಬಿಡಲಿಲ್ಲ. ಈ ಸಲ ಸೂಗಪ್ಪ ಇಮಾಮ್‌ಸಾಬರ ಮೂರು ಪ್ರಶ್ನೆಗಳನ್ನೇ ಬರೆದು ಐದು ಕಡೆಗೆ ಕಾಗದ ಹಾಕಿದ. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಎರಡು ಕಡೆಯವರು ಬಣ್ಣದ ಪುಸ್ತಿಕೆ ಕಳಿಸಿದರು. ಮದ್ರಾಸಿನ ಒಬ್ಬ ಉಪಾಧ್ಯಾಯರು ಮಾತ್ರ ಅಗ್ಗದ ಹಾಳೆಯಲ್ಲಿ ಕೈಯಾರೆ ಬರೆದಿದ್ದರು: ದಿಕ್ಕಿನ ಪಾಠ ನಾನೇ ಮಾಡುತ್ತೇನೆ. ಕಣ್ಣು ಕೆಟ್ಟ ಮೇಲೆ ಹಾರುವುದು ಬಿಟ್ಟಿದ್ದೇನೆ, ಯುದ್ಧದಲ್ಲಿ ಎಂದೂ ಹಾರಿದವನಲ್ಲ. ಹೋದ ವರ್ಷ ಹನ್ನೊಂದು ಮಂದಿಯಲ್ಲಿ ನಾಲ್ವರು ಫೇಲಾದರು. ಆ ನಾಲ್ವರೂ ಈಗ ನನ್ನ ಮನೆಯ ಜಗಲಿಯಲ್ಲೇ ಮತ್ತೆ ಓದುತ್ತಿದ್ದಾರೆ.

ಐದನೆಯವನಾಗಿ ಸೂಗಪ್ಪ ಆ ಜಗಲಿಗೆ ಹೋಗಿ ಕೂತ. ಒಂದೇ ಲೆಕ್ಕವನ್ನು ಹತ್ತು ಸಲ ಮಾಡಿಸುತ್ತಾರೆ, ಮೋಡದ ಪಾಠವನ್ನು ಬೀದಿಯಲ್ಲಿ ನಿಲ್ಲಿಸಿ ಹೇಳುತ್ತಾರೆ ಎಂದು ಕಾಗದ ಬರೆದ. ಮಧ್ಯಾಹ್ನದ ಸದ್ದು ಅಲ್ಲಿಯೂ ಬಂತು. ಅಲ್ಲಿ ನಿಜವಾದ ವಿಮಾನಗಳೂ ಹಾರುತ್ತಿದ್ದುದರಿಂದ ಯಾವುದು ಇದ್ದದ್ದು, ಯಾವುದು ತನ್ನದು ಎಂದು ಗುರುತಿಸುವುದು ಕಷ್ಟವೆಂದೂ ಬರೆದಿದ್ದ. ೧೯೫೫ರಲ್ಲಿ ಎಲ್ಲ ವಿಷಯಗಳೂ ಪಾಸಾದವು. ಮುಂದಿನ ವರ್ಷ ಹಾರಾಟದ ತಾಸುಗಳನ್ನೂ ಮುಗಿಸಿದ.

ಲೈಸೆನ್ಸು ಬಂದದ್ದು ೧೯೫೬ರ ನವೆಂಬರಿನಲ್ಲಿ. ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರಿದ ತಿಂಗಳು. ಕಚೇರಿಯ ಹೊಸ ಮೊಹರು ಇನ್ನೂ ಬಂದಿರಲಿಲ್ಲ. ಅವನು ಆಗ ಊರಿಗೆ ಬಂದಿದ್ದ, ನಾನೇ ಲಕೋಟೆ ಒಯ್ದು ಕೊಟ್ಟೆ. ಸೂಗಪ್ಪ ಅದನ್ನು ತಾಯಿಗೆ ತೋರಿಸಿದ. ಓದುಬರಹ ಬಾರದ ಜಂಬಮ್ಮ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿ, "ಏನೇನು ಕಲಿಸಿದ್ರೋ?" ಎಂದು ಕೇಳಿದಳು. ಅವನು ಒಂದೊಂದಾಗಿ ಹೇಳಿದ: ದಿಕ್ಕು, ಮೋಡ, ಗಾಳಿ, ಯಂತ್ರ, ಸಂಜ್ಞೆ, ಕಾನೂನು.

"ಇದರಾಗ ಕೆಳಗಿನ ಮಂದಿ ಬಗ್ಗೆ ಯಾವುದರಾಗ ಹೇಳ್ತಾರ?"

"ಕಾನೂನಿನಾಗ ಒಂದು ಸಾಲು ಐತಿ ಬೇ. ಊರಿನ ಮ್ಯಾಲೆ ಇಷ್ಟೇ ಎತ್ತರಕ್ಕಿಂತ ಕೆಳಗ ಹೋಗಬಾರದು ಅಂತ."

"ಒಂದೇ ಸಾಲೇನು?"

"ಒಂದೇ."

ಜಂಬಮ್ಮ ಕಾಗದವನ್ನು ಅವನ ಕೈಗೆ ಕೊಟ್ಟು ರೊಟ್ಟಿ ಬಡಿಯಲು ಎದ್ದಳು. ನಮ್ಮಿಬ್ಬರಿಗೂ ತಾಟು ಹಾಕಿದಳು. ಮೂರನೆಯ ದಿನ ಅವನು ಕೆಲಸಕ್ಕೆಂದು ಮದ್ರಾಸಿನ ದಾರಿ ಹಿಡಿದ. ಬಸ್ಸು ಬಂದಾಗ ಅವನ ಟ್ರಂಕನ್ನು ನಾನೇ ಮೇಲಕ್ಕೆತ್ತಿ ಕೊಟ್ಟೆ.